ಕಾಲಿಗೆ ಬುದ್ಧಿ ಹೇಳಿದವಳು

ಡಿಪೋದಲ್ಲಿ ಅವಳನ್ನು ಎಲ್ಲರೂ ತೊಟ್ಟಿಲಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಬಸ್ಸಿನ ಕಂಡಕ್ಟರ್. ಒಂದು ಮಧ್ಯಾಹ್ನ ಬಸ್ಸು ಕೊನೆಯ ನಿಲ್ದಾಣ ತಲುಪಿದಾಗ ಅವನು ಹಿಂತಿರುಗಿ ನೋಡಿದರೆ ಕೂತವರಲ್ಲಿ ಅರ್ಧಕ್ಕರ್ಧ ಜನ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಒಬ್ಬೊಬ್ಬರದೇ ಭುಜ ತಟ್ಟಿ ಎಬ್ಬಿಸಿ ಇಳಿಸಿದವನು ಡ್ರೈವರ್ ಸೀಟಿನ ಪಕ್ಕಕ್ಕೆ ಬಂದು, "ತಾಯೀ, ಇದು ಬಸ್ಸಲ್ಲ, ತೊಟ್ಟಿಲು. ನಾಳೆಯಿಂದ ನಾನು ಟಿಕೆಟ್ ಕೊಡೋದು ಬಿಟ್ಟು ಜೋಗುಳ ಹಾಡ್ತೀನಿ" ಎಂದಿದ್ದ. ಸಂಜೆಯೊಳಗೆ ಹೆಸರು ಡಿಪೋ ತುಂಬ ಹರಡಿತ್ತು. ಅವನ ಬಾಯಿಗೆ ಬಿದ್ದ ಮಾತು ಊರಿಗೆ ಡಂಗುರ ಹೊಡೆದ ಹಾಗೆಯೇ.

ಬಸ್ಸಿಗೆ ಬರುವ ಮೊದಲು ಅವಳು ಲಾಂಡ್ರಿಯೊಂದರ ವ್ಯಾನು ಓಡಿಸುತ್ತಿದ್ದಳು. ಗಂಡ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದ. ಅವನು ಮಡಚಿಟ್ಟ ಆಸ್ಪತ್ರೆಯ ಹಾಸುಗಳ ಗೋಪುರ ಮಡಿಕೆ ಕೆಡದಂತೆ ಆಸ್ಪತ್ರೆ ಮುಟ್ಟಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಗೋಪುರ ಕುಸಿಯುತ್ತಿತ್ತು, ಆಮೇಲೆ ಗಂಡ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದ. ಮೆತ್ತಗೆ ನಿಲ್ಲಿಸುವುದನ್ನು ಅವಳು ಕಲಿತದ್ದು ಹೀಗೆ, ಸಂಸಾರದ ಶಾಂತಿಗಾಗಿ. ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಅತ್ತೆ ಬೇಡ ಎನ್ನುತ್ತಾರೆಂದು ಅವಳು ಹೆದರಿದ್ದಳು. ಆದರೆ ಅತ್ತೆ, "ಹಾಕು. ಈ ಮನೇಲಿ ಎಲ್ಲರಿಗೂ ಬಾಯಿ ಓಡಿಸೋದು ಒಂದೇ ಗೊತ್ತು. ಒಬ್ಬಳಾದ್ರೂ ನಿಲ್ಲಿಸೋದು ಕಲಿ" ಎಂದಿದ್ದರು.

ಆ ಕಾಲದ ಬಸ್ಸುಗಳು ಡೀಸೆಲ್ಲಿನವು. ಅವುಗಳ ಬ್ರೇಕು ನಡೆಯುವುದು ಗಾಳಿಯಿಂದ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ಟ್ಯಾಂಕುಗಳಲ್ಲಿ ಗಾಳಿ ತುಂಬಿ, ಡ್ರೈವರಿನ ಮುಂದಿರುವ ಗಾಳಿ ಮೀಟರಿನ ಮುಳ್ಳು ಮೇಲಕ್ಕೇರುವವರೆಗೂ ಬಸ್ಸು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹತ್ತಿ ಕೂತ ಜನ ಗೊಣಗುತ್ತಿದ್ದರು.

"ಯಾಕಮ್ಮ, ಇನ್ನೂ ಹೊರಡಲ್ವಾ?"

"ಗಾಳಿ ತುಂಬಬೇಕು, ತಾಳಿ."

"ಟೈರಿಗಾ?"

"ಬ್ರೇಕಿಗೆ."

ಕೇಳಿದವನಿಗೆ ಅವಳು ತಮಾಷೆ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಆದರೆ ವಿಷಯ ಹಾಗೇ ಇತ್ತು. ಗಾಳಿ ಖಾಲಿಯಾದರೆ ಬ್ರೇಕು ಹೋಯಿತು, ಬಸ್ಸು ನುಗ್ಗಿತು ಎಂದು ಜನ ತಿಳಿಯುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ. ಹಿಂದಿನ ಚಕ್ರಗಳ ಬಳಿ ದಪ್ಪ ದಪ್ಪ ಸ್ಪ್ರಿಂಗುಗಳಿರುತ್ತವೆ. ಗಾಳಿ ಅವನ್ನು ಅದುಮಿ ಹಿಡಿದಿರುವಷ್ಟು ಹೊತ್ತು ಮಾತ್ರ ಚಕ್ರಕ್ಕೆ ಬಿಡುಗಡೆ. ಗಾಳಿ ಸೋರಿಹೋದರೆ ಸ್ಪ್ರಿಂಗು ಚಿಮ್ಮಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ. ಗಾಳಿಯಿಲ್ಲದ ಬಸ್ಸು ಓಡಿಹೋಗುವುದಿಲ್ಲ, ಮುಷ್ಕರ ಹೂಡಿ ಕೂರುತ್ತದೆ.

ಅವಳಿಗೆ ಕಲಿಸಿದ ಹಳೆಯ ಡ್ರೈವರ್ ಮಾತು ಕಡಿಮೆಯ ಮನುಷ್ಯ. ಪೆಡಲನ್ನು ಬೇಗ ಒತ್ತು, ಸ್ವಲ್ಪವೇ ಒತ್ತು, ಬಸ್ಸು ಇನ್ನೇನು ನಿಂತಿತು ಅನ್ನುವ ಗಳಿಗೆಯಲ್ಲಿ ಪಾದವನ್ನು ಕೂದಲೆಳೆಯಷ್ಟು ಸಡಿಲಿಸು, ಆಗ ಕೊನೆಯ ಕುಲುಕಾಟ ಬರುವುದಿಲ್ಲ. ಅವನು ಹೇಳಿದ್ದು ಇಷ್ಟೇ. ಉಳಿದದ್ದನ್ನು ಅವಳೇ ರೂಢಿಸಿಕೊಂಡಳು. ದೂರದ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದು, ಬಸ್ಸನ್ನು ಅದರ ಪಾಡಿಗೆ ಉರುಳಲು ಬಿಟ್ಟು, ಹತ್ತಿರವಾದಾಗ ಒಂದಿಷ್ಟು ಬ್ರೇಕು. ಹೊಟ್ಟೆಯಲ್ಲಿನ ನೀರು ಅಲುಗದ ಹಾಗೆ ಬಸ್ಸು ನಿಲ್ಲುತ್ತಿತ್ತು. ಎಷ್ಟೇ ಜನವಿದ್ದರೂ ಕಂಡಕ್ಟರ್ ಕಂಬಿ ಮುಟ್ಟದೆ, ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು, ಬಾಯಿ ತುಂಬ ಮಾತಾಡುತ್ತ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ.

ಆಮೇಲೆ ಬ್ಯಾಟರಿ ಬಸ್ಸುಗಳು ಬಂದವು.

ಹೊಸ ಬಸ್ಸಿಗೆ ಸದ್ದಿಲ್ಲ, ಹೊಗೆಯಿಲ್ಲ, ಗೇರಿಲ್ಲ. ಡ್ರೈವರುಗಳು ಮದುವೆ ಮನೆಗೆ ಬಂದ ಮಕ್ಕಳಂತೆ ಸುತ್ತ ತಿರುಗಿ ನೋಡಿದರು. ಆದರೆ ಮೊದಲ ದಿನವೇ ತೊಟ್ಟಿಲಮ್ಮನ ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು ವಾಲಿದರು. ಆ ಬಸ್ಸಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದಂತೆ ವೇಗ ಇಳಿಯುತ್ತಿತ್ತು. ಕಾಲು ಪೂರ್ತಿ ತೆಗೆಯುವ ಅವಳ ಚಾಳಿಯೇ ಅವಳಿಗೆ ತಿರುಗಿಬಿತ್ತು.

"ತೊಟ್ಟಿಲು ತೂಗ್ತಾ ಇಲ್ಲ ತಾಯೀ, ಒರಳಲ್ಲಿ ಕುಟ್ಟಿದ ಹಾಗಿದೆ" ಎಂದ ಕಂಡಕ್ಟರ್. ಜನ ನಕ್ಕರು. ಅವಳೂ ನಕ್ಕಳು. ಒಳಗೆ ಮಾತ್ರ ಮುಳ್ಳು ಚುಚ್ಚಿದಂತಾಯಿತು.

ಆ ವಾರವೇ ತರಬೇತಿ ಕೊಡಲು ಬಸ್ ಕಂಪನಿಯಿಂದ ಒಬ್ಬಳು ಬಂದಳು. ಕನ್ನಡಕದ, ಚುರುಕಿನ ಹೆಂಗಸು. ಅವಳು ಬೋರ್ಡಿನ ಮೇಲೆ ಸೈಕಲ್ ಬರೆದು ಕೇಳಿದಳು: "ಸೈಕಲ್ ದೀಪಕ್ಕೆ ಡೈನಮೋ ಇರ್ತಿತ್ತಲ್ಲ, ನೆನಪಿದ್ಯಾ? ಅದನ್ನ ಟೈರಿಗೆ ತಾಗಿಸಿದ್ರೆ ಏನಾಗ್ತಿತ್ತು?"

"ತುಳಿಯೋದು ಭಾರ ಆಗ್ತಿತ್ತು" ಎಂದು ಒಂದಿಬ್ಬರು ಕೂಗಿದರು.

"ಅಷ್ಟೇ ಇಲ್ಲೂ. ಕಾಲು ತೆಗೆದ್ರೆ ಬಸ್ಸಿನ ಮೋಟಾರೇ ಡೈನಮೋ ಆಗುತ್ತೆ. ಚಕ್ರ ಅದನ್ನ ತಿರುಗಿಸ್ಬೇಕು, ಅದಕ್ಕೇ ವೇಗ ಇಳಿಯುತ್ತೆ. ಹುಟ್ಟಿದ ಕರೆಂಟು ವಾಪಸ್ ಬ್ಯಾಟರಿಗೆ ಹೋಗುತ್ತೆ. ಗಾಳಿ ಬ್ರೇಕು ಈಗಲೂ ಇದೆ. ಬ್ರೇಕ್ ಪೆಡಲನ್ನ ಮೆತ್ತಗೆ ಒತ್ತಿದ್ರೆ ಮೊದಲು ಮೋಟಾರು ಹಿಡಿಯುತ್ತೆ, ಜೋರಾಗಿ ಒತ್ತಿದ್ರೆ ಗಾಳಿಯೂ ಸೇರ್ಕೊಳ್ಳುತ್ತೆ."

ಅಷ್ಟರಲ್ಲಿ ತೊಟ್ಟಿಲಮ್ಮನ ಫೋನು ನಡುಗಿತು. ಅತ್ತೆ. ಒಮ್ಮೆ ಎತ್ತದಿದ್ದರೆ ಎತ್ತುವ ತನಕ ಮಾಡುವ ಜಾಯಮಾನ. ಅವಳು ಬಾಗಿ ಬಾಗಿ ಹೊರಗೆ ಹೋದಳು. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿದ್ದಾನೆ, ಖಾಲಿ ಸಿಲಿಂಡರ್ ಎಲ್ಲಿಟ್ಟಿದ್ದೀಯ ಎಂಬುದು ಪ್ರಶ್ನೆ. ಬಚ್ಚಲುಮನೆ ಪಕ್ಕ ಎಂದು ಹೇಳಿ, ಪಕ್ಕ ಅಂದರೆ ಯಾವ ಪಕ್ಕ ಎಂಬುದನ್ನೂ ವಿವರಿಸಿ ಅವಳು ಒಳಗೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಬಾಗಿಲುಗಳ ಚಿತ್ರ ಬಂದಿತ್ತು. ಬಾಗಿಲು ತೆರೆದಿದ್ದರೆ ಬಸ್ಸು ಹೊರಡುವುದಿಲ್ಲ ಎಂಬ ಪಾಠ. ನಡುವೆ ಏನು ಹೋಯಿತು ಎಂದು ಅವಳು ಪಕ್ಕದವನನ್ನು ಕೇಳಲಿಲ್ಲ.

ಕೆಲವು ವಾರಗಳಲ್ಲಿ ಅವಳ ಪಾದ ಹೊಸ ರೀತಿಗೆ ಒಗ್ಗಿತು. ಕಾಲನ್ನು ಒಮ್ಮೆಲೇ ತೆಗೆಯದೆ ನಿಧಾನವಾಗಿ ಎತ್ತುವುದು, ಮೋಟಾರಿನ ಎಳೆತವನ್ನೇ ಬ್ರೇಕಾಗಿ ಬಳಸುವುದು. ಪೆಡಲಿನ ಕೆಲಸವೇ ಕಡಿಮೆಯಾಯಿತು. ಜನ ಮತ್ತೆ ತೂಕಡಿಸತೊಡಗಿದರು. ಕಂಡಕ್ಟರ್ ಮತ್ತೆ ಕಂಬಿ ಬಿಟ್ಟು ಓಡಾಡತೊಡಗಿದ. ಎಲ್ಲ ಸರಿಹೋಯಿತು ಎಂದೇ ಅವಳು ಅಂದುಕೊಂಡಳು.

ಬ್ಯಾಟರಿ ಬಸ್ಸು ಬಂದಾಗಿನಿಂದ ಅವಳದು ಮಧ್ಯಾಹ್ನದ ಪಾಳಿ, ಬೆಳಗಿನವರು ಓಡಿಸಿ ಬಿಟ್ಟ ಬಸ್ಸು ಅವಳ ಕೈಗೆ ಬರುತ್ತಿತ್ತು. ಬೆಳಗಿನ ಪಾಳಿಗೆ ಬದಲಾದ ಮೊದಲ ದಿನ, ಚಾರ್ಜಿಂಗ್ ಕಂಬದಿಂದ ಬಿಚ್ಚಿದ ಬಸ್ಸನ್ನು ತೆಗೆದುಕೊಂಡು ಅವಳು ಡಿಪೋದ ಗೇಟು ದಾಟಿದಳು. ಗೇಟಿನಾಚೆ ಒಂದು ನಿಲ್ದಾಣ, ಅದಾದ ಮೇಲೆ ಮಾರುಕಟ್ಟೆಯವರೆಗೂ ಇಳಿಜಾರು. ಬಸ್ಸಿನಲ್ಲಿ ಬೆರಳೆಣಿಕೆಯ ಜನ. ಕಂಡಕ್ಟರ್ ನಡುವೆ ನಿಂತು, ತನ್ನ ಭಾವಮೈದ ಮನೆಗೆ ಬಣ್ಣ ಹೊಡೆಸಿದ ಕತೆಯನ್ನು ಯಾರಿಗೋ ಹೇಳುತ್ತಿದ್ದ. ಇಳಿಜಾರಿನ ಅರ್ಧದಲ್ಲಿ, ಕೆಳಗೆ ನೀರಿನ ಕ್ಯಾನುಗಳ ತಳ್ಳುಗಾಡಿಯೊಂದು ರಸ್ತೆಗೆ ಅಡ್ಡ ಬಂದದ್ದು ಅವಳಿಗೆ ಕಾಣಿಸಿತು. ದೂರವಿತ್ತು. ಅವಳು ರೂಢಿಯಂತೆ ಕಾಲು ಎತ್ತಿದಳು.

ಬಸ್ಸು ನಿಧಾನವಾಗಲಿಲ್ಲ. ಹಿಂದಿನಿಂದ ಹಿಡಿದೆಳೆಯುವ ಕೈ ಆ ದಿನ ಬರಲೇ ಇಲ್ಲ. ಬದಲಿಗೆ ಇಳಿಜಾರು ಸಿಕ್ಕಿದ ಬಸ್ಸು ವೇಗ ಏರಿಸಿತು. ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಇದೆಯಲ್ಲ ಎಂದರೆ, ಅದು ಮೋಟಾರಿಗೆ ಹೋಗುವ ಶಕ್ತಿಯನ್ನು ಕಡಿಯಬಲ್ಲದೇ ಹೊರತು ಇಳಿಜಾರಿನಲ್ಲಿ ಉರುಳುವ ಬಸ್ಸನ್ನು ಹಿಡಿಯಲಾರದು. ಅವಳು ಒಂದು ಕ್ಷಣ ಕಾದಳು, ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು. ಆ ಒಂದು ಕ್ಷಣವೇ ತುಟ್ಟಿಯಾಯಿತು. ಅವಳು ಬ್ರೇಕ್ ಪೆಡಲನ್ನು ಬಲವಾಗಿ ತುಳಿದಳು.

ಗಾಳಿ ಬ್ರೇಕು ತನ್ನ ಕೆಲಸ ಮಾಡಿತು. ಹೆಚ್ಚುಕಮ್ಮಿ ಖಾಲಿ ಬಸ್ಸಾದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚೇ ಮಾಡಿತು. ತಳ್ಳುಗಾಡಿಗೆ ಇನ್ನೂ ಸಾಕಷ್ಟು ಜಾಗ ಉಳಿದಿರುವಾಗಲೇ ಬಸ್ಸು ಗಕ್ಕನೆ ನಿಂತಿತು. ಕ್ಯಾನಿನವನು ತಲೆ ಕೂಡ ಎತ್ತಲಿಲ್ಲ. ಆದರೆ ಹಿಂದಿನಿಂದ ಏನೋ ಧೊಪ್ಪೆಂದ ಸದ್ದು, ಚಿಲ್ಲರೆ ಉರುಳಿದ ಸದ್ದು. ಭಾವಮೈದನ ಕತೆ ಅರ್ಧಕ್ಕೇ ನಿಂತಿತ್ತು. ಕಂಡಕ್ಟರ್ ಮುಂದಿನ ಸೀಟಿನ ಅಂಚಿಗೆ ಭುಜ ಬಡಿದುಕೊಂಡು ನೆಲದ ಮೇಲೆ ಬಿದ್ದಿದ್ದ.

ಅವಳು ಬಸ್ಸನ್ನು ಪಾರ್ಕಿಂಗ್ ಬ್ರೇಕಿಗೆ ಹಾಕಿ ಓಡಿಬಂದಳು. ಅವನ ಮುಖ ಸುಣ್ಣದಂತೆ ಬಿಳುಚಿತ್ತು. ಅವಳ ಬಾಯಿಂದ ಹೊರಟ ಮೊದಲ ಮಾತು: "ಕಂಬಿ ಹಿಡ್ಕೊಳ್ಳೋಕೆ ಏನಾಗಿತ್ತಣ್ಣ ನಿಮಗೆ?"

ಭುಜದ ಮೇಲಿನ ಎಲುಬು ಮುರಿದಿತ್ತು. ಡಿಪೋ ಮ್ಯಾನೇಜರ್ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ವಿಚಾರಣೆ ಮುಗಿಯುವ ತನಕ ಬಸ್ಸು ಮುಟ್ಟಬೇಡಿ ಎಂದ. ಬಸ್ಸಿನಲ್ಲಿ ದೋಷವೇನಾದರೂ ಇದೆಯೇ ಎಂದು ಮೆಕ್ಯಾನಿಕ್ಕುಗಳು ನೋಡಿದರು. ಏನೂ ಇರಲಿಲ್ಲ. ಮಧ್ಯಾಹ್ನದೊಳಗೆ ತರಬೇತಿಯವಳನ್ನೂ ಕರೆಸಿದರು. ಅವಳು ಒಂದೇ ಪ್ರಶ್ನೆ ಕೇಳಿದಳು: "ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತಾ?"

"ಆಗಿತ್ತು. ಆಗ್ಬೇಕಲ್ವಾ?"

"ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದ್ರೆ ಎಲ್ಲಿ ಹೋಗುತ್ತೆ ಅಕ್ಕ? ಬ್ಯಾಟರಿ ತುಂಬಿದಾಗ ವಾಪಸ್ ಬರೋ ಕರೆಂಟಿಗೆ ಜಾಗ ಇರಲ್ಲ. ಅದಕ್ಕೇ ಬಸ್ಸು ತಾನಾಗೇ ಡೈನಮೋನ ಬಿಟ್ಟುಬಿಡುತ್ತೆ. ಎದುರಿನ ಪರದೆ ಮೇಲೆ ಒಂದು ಗುರುತು ಮಂಕಾಗುತ್ತೆ. ಅವತ್ತು ಕ್ಲಾಸಲ್ಲಿ ಹೇಳಿದ್ನಲ್ಲ." ಆಮೇಲೆ ತಾನೇ, "ಹೇಳಿದ್ದೆ, ಆದ್ರೆ ಒಂದೇ ಸಲ ಹೇಳಿದ್ದೆ. ಇಳಿಜಾರಲ್ಲಿ ತೋರಿಸ್ಬೇಕಿತ್ತು" ಎಂದಳು.

ಯಾವಾಗ ಹೇಳಿದ್ದಳು ಎಂಬುದು ತೊಟ್ಟಿಲಮ್ಮನಿಗೆ ತಕ್ಷಣ ಹೊಳೆಯಿತು. ಖಾಲಿ ಸಿಲಿಂಡರ್ ಬಚ್ಚಲುಮನೆಯ ಯಾವ ಪಕ್ಕ ಎಂದು ಹೇಳುತ್ತಿದ್ದಾಗ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಂಡ ಎದ್ದುಹೋಗಿ ಟೀಗೆ ನೀರಿಟ್ಟ. ಅತ್ತೆ ಮಾತ್ರ ಕೂತಲ್ಲೇ ಕುಗ್ಗಿಹೋದರು.

"ಅಂದ್ರೆ ನಾನು ಫೋನ್ ಮಾಡಿದ್ದಕ್ಕೆ ಆ ಮನುಷ್ಯನ ಎಲುಬು ಮುರೀತು."

"ನೀವ್ಯಾಕೆ ಹಾಗಂತೀರಿ ಅತ್ತೆ. ಕಾಲು ನಂದು."

"ಕಾಲು ನಿಂದು, ಬಾಯಿ ನಂದು. ಇಬ್ಬರದೂ ಅರ್ಧರ್ಧ" ಎಂದರು ಅತ್ತೆ. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ತೊಟ್ಟಿಲಮ್ಮ ಡಬ್ಬಿಯಲ್ಲಿ ಬಿಸಿ ಊಟ ಹಾಕಿಕೊಂಡು ಕಂಡಕ್ಟರನ ಮನೆಗೆ ಹೋದಳು. ಕಿರಿದಾದ ಮೆಟ್ಟಿಲು, ಎರಡನೆಯ ಮಹಡಿ, ಕಿಟಕಿಯ ಹತ್ತಿರ ಮಂಚ. ಅವನು ಎರಡೂ ಭುಜಗಳನ್ನು ಹಿಂದಕ್ಕೆಳೆದು ಕಟ್ಟಿದ ಪಟ್ಟಿಯಲ್ಲಿ ಗೊಂಬೆಯಂತೆ ನೆಟ್ಟಗೆ ಕೂತಿದ್ದ. ಅವನ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದಳು: "ನಿನ್ನೆಯಿಂದ ಒಂದು ಮಾತೂ ಆಡಿಲ್ಲ. ಮನೆ ಬಣಗುಡ್ತಿದೆ. ನನಗೇ ಹೆದರಿಕೆ ಆಗ್ತಿದೆ."

"ತುಂಬಾ ನೋವಿದ್ಯಾಣ್ಣ?"

ಅವನು ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಬಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ಬಸ್ಸು ಅಂದ್ಮೇಲೆ ಬೀಳ್ತಾರೆ. ಆದ್ರೆ ನೀವು ಓಡಿ ಬಂದು, ಏನಾಯ್ತು ಅಂತ ಕೇಳ್ಲಿಲ್ಲ. ಕಂಬಿ ಯಾಕೆ ಹಿಡ್ಕೊಳ್ಲಿಲ್ಲ ಅಂದ್ರಿ. ಇಷ್ಟು ವರ್ಷ ನಾನು ಯಾಕೆ ಹಿಡ್ಕೊಳ್ತಿರ್ಲಿಲ್ಲ ಅಂತ ನಿಮಗೆ ಗೊತ್ತಿಲ್ವಾ?"

ಆ ಮಾತು ಆಡಿದ್ದು ಅವಳಿಗೆ ನೆನಪೇ ಇರಲಿಲ್ಲ, ಈಗ ಅಕ್ಷರ ಅಕ್ಷರವಾಗಿ ನೆನಪಾಯಿತು. ತಾನು ಎಂದೂ ತಪ್ಪು ಮಾಡುವವಳಲ್ಲ ಎಂಬ ಹೆಮ್ಮೆ ಆ ಮಾತಿನಲ್ಲಿ ಅವಳಿಗಿಂತ ಮೊದಲು ಓಡಿಬಂದಿತ್ತು.

"ಹೆದರಿಬಿಟ್ಟಿದ್ದೆ ಅಣ್ಣ. ಹೆದರಿಕೇಲಿ ತಪ್ಪನ್ನ ನಿಮ್ಮ ಮೇಲೆ ಎತ್ತಿಹಾಕ್ದೆ. ತಪ್ಪು ನಂದೇ."

ಅವನು ಕಿಟಕಿಯಿಂದ ಈ ಕಡೆ ತಿರುಗಿದ. ಆಮೇಲೆ, "ಡಬ್ಬೀಲಿ ಏನಿದೆ?" ಎಂದು ಕೇಳಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ತರಲು ಒಳಗೆ ಓಡಿದಳು.

ವಿಚಾರಣೆಯಲ್ಲಿ ಅವಳಿಗೆ ಎಚ್ಚರಿಕೆ ಕೊಟ್ಟು, ಮತ್ತೊಮ್ಮೆ ತರಬೇತಿ ಮುಗಿಸಿ ರಸ್ತೆಗಿಳಿಯಲು ಹೇಳಿದರು. ಆದರೆ ಅವಳಿಗೆ ಧೈರ್ಯ ಬರಲಿಲ್ಲ. ಸೀಟಿನಲ್ಲಿ ಕೂತರೆ ಬಲಗಾಲು ತನ್ನದೇ ಅಲ್ಲವೆಂಬಂತೆ ಮರಗಟ್ಟುತ್ತಿತ್ತು. ಪಾಸ್ ಕೊಡುವ ಕೌಂಟರಿನಲ್ಲಿ ಜಾಗ ಖಾಲಿಯಿದೆ, ಅಲ್ಲಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದಳು. ಅತ್ತೆ ಸಿಪ್ಪೆ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಪಕ್ಕಕ್ಕಿಟ್ಟರು.

"ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಜಾಗ ಬಿಟ್ಟು ಓಡೋದು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ನೀನು ಓಡ್ಬೇಡ. ನಿಜವಾಗ್ಲೂ ಆ ಕಾಲಿಗೆ ಬುದ್ಧಿ ಹೇಳು, ಕೂರಿಸ್ಕೊಂಡು ಹೇಳು. ಇಷ್ಟು ದಿನ ಕೇಳಿದ ಕಾಲು ಈಗ ಯಾಕೆ ಕೇಳಲ್ಲ?"

ಅದಷ್ಟೇ ಅಲ್ಲ, ತರಬೇತಿಯ ದಿನ ತಾವೂ ಬರುತ್ತೇನೆ ಎಂದು ಹಟ ಹಿಡಿದರು. ಹಾಗೆಲ್ಲ ಬಿಡುವುದಿಲ್ಲ ಎಂದರೂ ಕೇಳಲಿಲ್ಲ. ಡಿಪೋದಲ್ಲಿ ತರಬೇತಿಯವಳು ಅವರನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ನಮಗೆ ಬಸ್ಸಲ್ಲಿ ನಿಲ್ಲೋರು ಬೇಕೇ ಬೇಕು. ಆದ್ರೆ ಅಜ್ಜಿ, ನೀವು ಎರಡೂ ಕೈಯಲ್ಲಿ ಕಂಬಿ ಹಿಡ್ಕೊಬೇಕು, ನಾನು ಪಕ್ಕದಲ್ಲೇ ಇರ್ತೀನಿ." ಮ್ಯಾನೇಜರ್ ಕಂಡೂ ಕಾಣದವನಂತೆ ಕಚೇರಿಯೊಳಗೆ ಹೋದ.

ಅತ್ತೆ ಹತ್ತುವಾಗ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಉಸಿರು ತಿರುಗಿಸಿಕೊಳ್ಳುತ್ತ ನಿಂತರು. "ಈಗ ಹೊರಟುಬಿಟ್ರೆ?" ಎಂದು ಕೇಳಿದರು.

"ಬಾಗಿಲು ಮುಚ್ಚೋವರೆಗೂ ಹೊರಡಲ್ಲ ಅತ್ತೆ, ಬ್ರೇಕು ಹಿಡ್ಕೊಂಡೇ ಇರುತ್ತೆ."

"ನನ್ನ ಮಗನಿಗಿಂತ ವಾಸಿ" ಎಂದು ಅವರು ಒಳಗೆ ಬಂದರು.

ಡಿಪೋದ ಹಿಂಬದಿಯಲ್ಲಿ ಶೆಡ್ಡಿನಿಂದ ತೊಳೆಯುವ ಜಾಗದವರೆಗೆ ಸಣ್ಣ ಇಳಿಜಾರಿದೆ. ಅಲ್ಲಿ ಎರಡು ಬಸ್ಸು ನಿಲ್ಲಿಸಿದ್ದರು, ಒಂದು ಪೂರ್ತಿ ಚಾರ್ಜಾದದ್ದು, ಇನ್ನೊಂದು ಅರ್ಧ. ಬೆಳಗಿನಿಂದ ಮಧ್ಯಾಹ್ನದವರೆಗೆ ತೊಟ್ಟಿಲಮ್ಮ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬದಲಾಯಿಸುತ್ತ ಇಳಿದಳು. ಅರ್ಧ ಚಾರ್ಜಿನದು ಕಾಲೆತ್ತಿದರೆ ಹಿಡಿಯುತ್ತಿತ್ತು, ತುಂಬಿದ್ದು ಉರುಳುತ್ತಿತ್ತು. ತುಂಬಿದ ಬಸ್ಸಿನಲ್ಲಿ ಪಾದ ಬ್ರೇಕಿನ ಮೇಲೆ ಮೊದಲೇ ಸಿದ್ಧವಾಗಿರಬೇಕು, ಹಳೆಯ ಡೀಸೆಲ್ ಬಸ್ಸಿನಲ್ಲಿದ್ದ ಹಾಗೆ ಬೇಗ, ಸ್ವಲ್ಪವೇ. ಪರದೆಯ ಮೇಲಿನ ಮಂಕಾದ ಗುರುತನ್ನು ನೋಡಿ ತಿಳಿಯುವುದು ಒಂದು, ಬೆನ್ನಿಗೆ ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಹೊತ್ತು ಹಿಡಿಯಿತು. ಹಿಂದಿನಿಂದ ಅತ್ತೆಯ ವರದಿ ಬರುತ್ತಿತ್ತು.

"ತಳ್ಳಿತು!"

"ಈಗಲೂ ತಳ್ಳಿತು, ಆದ್ರೆ ಕಮ್ಮಿ!"

"ನಿಂತಿತಾ? ಗೊತ್ತೇ ಆಗ್ಲಿಲ್ವಲ್ಲೇ!"

ಮಂಡಿನೋವಿನ ಅತ್ತೆ ಅಷ್ಟು ಹೊತ್ತು ನಿಂತದ್ದನ್ನು ಮನೆಯವರು ಅದಕ್ಕೆ ಮೊದಲು ಕಂಡಿರಲಿಲ್ಲ. ಮನೆಗೆ ಬಂದು ಎರಡು ದಿನ ಎಣ್ಣೆ ತಿಕ್ಕಿಸಿಕೊಂಡರು, ಅದೂ ಮಗನ ಕೈಯಲ್ಲಿ.

ತೊಟ್ಟಿಲಮ್ಮ ಬೆಳಗಿನ ಪಾಳಿಯನ್ನೇ ಕೇಳಿ ಪಡೆದು ಮತ್ತೆ ರಸ್ತೆಗಿಳಿದಳು. ಮೊದಲ ದಿನ ಇಳಿಜಾರಿನ ಮೇಲ್ತುದಿಯಲ್ಲಿ ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದಳು. ಆದರೆ ಪಾದ ಎಲ್ಲಿರಬೇಕೋ ಅಲ್ಲಿತ್ತು. ಮಾರುಕಟ್ಟೆಯ ನಿಲ್ದಾಣದಲ್ಲಿ ಸೊಪ್ಪಿನ ಹೆಂಗಸೊಬ್ಬಳು ಬುಟ್ಟಿ ಇಳಿಸಿಕೊಂಡು ಹೋದಳು, ಏನೂ ಗಮನಿಸದೆ. ಹಾಗೆ ಗಮನಿಸದೆ ಹೋದದ್ದೇ ಅವಳಿಗೆ ದೊಡ್ಡ ಸಮಾಧಾನವಾಯಿತು. ಇಳಿಜಾರಿನ ಕಡೆ ಹೋಗುವ ಬೆಳಗಿನ ಬಸ್ಸುಗಳನ್ನು ಪೂರ್ತಿ ತುಂಬಿಸದೆ ಸ್ವಲ್ಪ ಉಳಿಸಿ ಚಾರ್ಜ್ ಮಾಡಿ ಎಂದು ತರಬೇತಿಯವಳು ಬರೆದು ಕಳಿಸಿದ್ದಳು. ಡಿಪೋದವರು ಅದನ್ನು ಒಪ್ಪಿದರು, ಕೆಲವು ದಿನ ಮರೆತರು, ಆಮೇಲೆ ಮತ್ತೆ ಒಪ್ಪಿದರು. ಅವಳು ಅದನ್ನು ನಂಬಿ ಕೂರಲಿಲ್ಲ. ಪ್ರತಿದಿನ ಗೇಟಿನಾಚೆಯ ಮಟ್ಟಸ ರಸ್ತೆಯಲ್ಲೇ ಒಮ್ಮೆ ಕಾಲೆತ್ತಿ, ಬಸ್ಸು ಹಿಡಿಯುತ್ತದೋ ಇಲ್ಲವೋ ನೋಡಿಯೇ ಮುಂದೆ ಹೋಗುತ್ತಿದ್ದಳು.

ಕಂಡಕ್ಟರನ ಎಲುಬು ಕೂಡಿತು, ಆದರೆ ಸ್ವಲ್ಪ ವಕ್ರವಾಗಿ. ಆ ಭುಜದ ಮೇಲೆ ಚೀಲದ ಭಾರ ತಡೆಯುತ್ತಿರಲಿಲ್ಲ, ಜನ ತುಂಬಿದ ಬಸ್ಸಿನಲ್ಲಿ ಯಾರಾದರೂ ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು. ಅವನನ್ನು ದೊಡ್ಡ ನಿಲ್ದಾಣದಲ್ಲಿ ಬಸ್ಸುಗಳ ಘೋಷಣೆ ಮಾಡುವ ಕೋಣೆಗೆ ಹಾಕಿದರು. ಆ ಬದಲಾವಣೆ ತನ್ನಿಂದಾಯಿತು ಎಂಬುದನ್ನು ತೊಟ್ಟಿಲಮ್ಮ ಮರೆಯಲಿಲ್ಲ, ಅವನೂ ಅದನ್ನು ಸುಳ್ಳೆನ್ನಲಿಲ್ಲ. "ಸಂಜೆ ಆದ್ರೆ ನೋಯುತ್ತೆ ತಾಯೀ, ಏನಿಲ್ಲ ಅಂತ ಸುಮ್ಮನೆ ಹೇಳಲ್ಲ" ಎನ್ನುತ್ತಿದ್ದ. "ಆದ್ರೆ ಇಲ್ಲಿ ನಾನು ಮಾತಾಡ್ಲೇಬೇಕು, ಅದಕ್ಕೇ ಸಂಬಳ. ಇದನ್ನ ನನ್ನ ಹೆಂಡತಿಗೆ ನಂಬಿಸೋದೇ ಕಷ್ಟ ಆಯ್ತು."

ಕೆಲವು ತಿಂಗಳ ಮೇಲೆ ಹೊಸ ಡ್ರೈವರುಗಳ ತಂಡ ಬಂದಾಗ ಇಳಿಜಾರಿನ ಪಾಠವನ್ನು ತರಬೇತಿಯವಳು ತೊಟ್ಟಿಲಮ್ಮನಿಗೇ ವಹಿಸಿದಳು. ಅವಳು ಪೂರ್ತಿ ಚಾರ್ಜಾದ ಬಸ್ಸಿನಲ್ಲಿ ಅವರನ್ನೆಲ್ಲ ನಿಲ್ಲಿಸಿಕೊಂಡು, ಒಬ್ಬೊಬ್ಬರಿಂದಲೂ ಓಡಿಸಿದಳು. ತಂಡದಲ್ಲಿ ಹಿಂದೆ ಲಾರಿ ಓಡಿಸುತ್ತಿದ್ದ ದಪ್ಪ ಮೀಸೆಯವನೊಬ್ಬನಿದ್ದ. ಅವನ ಸರದಿಯಲ್ಲಿ ಬಸ್ಸು ಉರುಳಿ, ಅವನು ಗಾಬರಿಯಿಂದ ತುಳಿದು, ಹಿಂದಿದ್ದವರೆಲ್ಲ ಕಂಬಿಗಳಿಗೆ ಜೋತುಬಿದ್ದರು. ಯಾರೋ ಬೈದರು. ಅವನ ಕಿವಿ ಕೆಂಪಾಯಿತು.

"ಬೈಬೇಡಿ" ಎಂದಳು ತೊಟ್ಟಿಲಮ್ಮ. ಅವನ ಕಡೆ ತಿರುಗಿ, "ಕಾಲು ಎತ್ತಿದ ಮೇಲೆ ಏನಾಯ್ತು, ಅಷ್ಟು ಮಾತ್ರ ಹೇಳಿ" ಎಂದಳು.

"ಹಿಡಿಯುತ್ತೆ ಅಂತ ಕಾದೆ ಅಕ್ಕ."

"ಹೂಂ. ಇನ್ನೊಂದ್ಸಲ ಮೇಲೆ ತಗೊಂಡ್ಹೋಗಿ. ಈ ಸಲ ಕಾಯ್ಬೇಡಿ."

ಅವನು ರಿವರ್ಸ್ ಗೇರು ಎಲ್ಲಿದೆ ಎಂದು ರೂಢಿಯಂತೆ ಎಡಗೈಯಲ್ಲಿ ತಡಕಾಡಿದ, ಸಿಗಲಿಲ್ಲ. ಅವಳು ಗುಂಡಿ ತೋರಿಸಿದಳು. ಬಸ್ಸು ಸದ್ದಿಲ್ಲದೆ ಹಿಂದಕ್ಕೆ ಏರತೊಡಗಿತು.